ವೆಂಟಿಲೇಟರ್‌ನಲ್ಲಿ 420 ಇಟ್ಟರೂ 180 ಏಕೆ ಬರುತ್ತದೆ?

ಪ್ರಶ್ನೆ: ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಐಸಿಯುಗೆ ಬಂದು ಹೆಚ್ಚು ದಿನವಾಗಿಲ್ಲ. ಕ್ರಿಮಿನಾಶಕ ಕುಡಿದಿದ್ದ ರೋಗಿಯೊಬ್ಬರನ್ನು ವಾಲ್ಯೂಮ್ ಕಂಟ್ರೋಲ್ ಮೋಡ್‌ನಲ್ಲಿ ಇಟ್ಟಿದ್ದರು. ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡುವ ಗಾಳಿ) 420 ಎಂಎಲ್, ರೇಟ್ 16, ಫ್ಲೋ 60, ಪೀಪ್ (ಉಸಿರು ಹೊರಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5, ಆಕ್ಸಿಜನ್ 40%. ರಾತ್ರಿ ಹೈ ಪ್ರೆಶರ್ ಅಲಾರಂ ಬಿಡದೆ ಹೊಡೆದುಕೊಳ್ಳತೊಡಗಿತು, ಪರದೆಯಲ್ಲಿ ವಾಲ್ಯೂಮ್ 180ಕ್ಕೆ ಇಳಿದಿತ್ತು. ಅಲಾರಂ ಮಿತಿಯನ್ನು 40ರಿಂದ 60ಕ್ಕೆ ಏರಿಸಿದರೆ ಸಾಕು ಎಂದು ಜೊತೆಯವರು ಹೇಳಿದರು. ವಾಲ್ಯೂಮ್ ಕಂಟ್ರೋಲ್ ಅಂದರೆ ಇಟ್ಟಷ್ಟು ವಾಲ್ಯೂಮ್ ಹೋಗಲೇಬೇಕಲ್ಲವೇ? ಮಿತಿ ಏರಿಸುವುದು ಸರಿಯೇ? ಇನ್ನೊಂದು ವಿಷಯ, ಡಾಕ್ಟರು ರೋಗಿಯ ತೂಕ ಕೇಳದೆ ಎತ್ತರ ಅಳೆಯಿರಿ ಎಂದರು. ಅದೇಕೆ?

ಉತ್ತರ: ಯಂತ್ರ ಕೆಟ್ಟಿರಲಿಲ್ಲ. ಒತ್ತಡ 40 ಮುಟ್ಟಿದ ಕ್ಷಣವೇ ಅದು ಗಾಳಿ ಕೊಡುವುದನ್ನು ನಿಲ್ಲಿಸಿ ಉಸಿರನ್ನು ಹೊರಗೆ ಬಿಡುತ್ತಿತ್ತು. ಅಷ್ಟರಲ್ಲಿ ಒಳಗೆ ಹೋಗಿದ್ದದ್ದು 180 ಎಂಎಲ್ ಮಾತ್ರ. ಮಿತಿ ಏರಿಸುವುದು ಮೊದಲ ಕೆಲಸವಲ್ಲ. ಬಹುಪಾಲು ಸಂದರ್ಭಗಳಲ್ಲಿ ಅದು ಎರಡನೆಯ ಕೆಲಸವೂ ಅಲ್ಲ. ಮಿತಿ ಏರಿಸಲೇಬೇಕಾದ ಒಂದು ಸಂದರ್ಭ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಈ ಮೋಡ್‌ನಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದೇ. ಎಷ್ಟು ಗಾಳಿ, ಎಷ್ಟು ವೇಗದಲ್ಲಿ ಎಂಬುದನ್ನು ನಾವು ನಿಗದಿ ಮಾಡುತ್ತೇವೆ. ಅಷ್ಟು ಗಾಳಿಯನ್ನು ತಳ್ಳಲು ಎಷ್ಟು ಒತ್ತಡ ಬೇಕಾಯಿತು ಎಂಬುದು ರೋಗಿಯ ಎದೆಯಿಂದ ಬರುವ ಉತ್ತರ. ಹಾಗಾಗಿ ವಾಲ್ಯೂಮ್ ಕಂಟ್ರೋಲ್‌ನಲ್ಲಿರುವ ರೋಗಿಯ ಬಳಿ ಹೋದಾಗ ಮೊದಲು ನೋಡಬೇಕಾದ ಅಂಕಿ ಪ್ರೆಶರ್. ಎರಡನೆಯದು ಹೊರಬಂದ ವಾಲ್ಯೂಮ್. ನಾವೇ ಇಟ್ಟ 420 ಎಂಬ ಅಂಕಿಯಿಂದ ರೋಗಿಯ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ.

ಒಂದು ಉಸಿರಿನಲ್ಲಿ ನಡೆಯುವುದು

ನಾವು ಸಹಜವಾಗಿ ಉಸಿರೆಳೆದುಕೊಳ್ಳುವಾಗ ವಪೆ ಕೆಳಗಿಳಿದು ಎದೆಯೊಳಗಿನ ಒತ್ತಡ ಕಡಿಮೆಯಾಗುತ್ತದೆ, ಗಾಳಿ ತಾನಾಗಿ ಒಳಬರುತ್ತದೆ. ವೆಂಟಿಲೇಟರ್ ಇದಕ್ಕೆ ತದ್ವಿರುದ್ಧ, ಗಾಳಿಯನ್ನು ಒಳಗೆ ತಳ್ಳುತ್ತದೆ. ಎದೆಯೊಳಗಿನ ಒತ್ತಡ ಏರಿದಷ್ಟೂ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಟ್ಯೂಬ್ ಹಾಕಿ ವೆಂಟಿಲೇಟರ್ ಜೋಡಿಸಿದ ಕೂಡಲೇ ಕೆಲವು ರೋಗಿಗಳ ಬಿಪಿ ಕುಸಿಯಲು ಇದೂ ಒಂದು ಕಾರಣ.

ವಾಲ್ಯೂಮ್ ಕಂಟ್ರೋಲ್‌ನಲ್ಲಿ ಉಸಿರು ಎರಡು ರೀತಿಯಲ್ಲಿ ಶುರುವಾಗುತ್ತದೆ. ರೇಟ್ 16 ಇಟ್ಟರೆ ಪ್ರತಿ 3.75 ಸೆಕೆಂಡಿಗೊಮ್ಮೆ ಯಂತ್ರವೇ ಶುರುಮಾಡುತ್ತದೆ. ಅದಕ್ಕೂ ಮೊದಲೇ ರೋಗಿ ಉಸಿರೆಳೆಯಲು ಪ್ರಯತ್ನಿಸಿದರೆ ಟ್ರಿಗರ್ ಅದನ್ನು ಹಿಡಿಯುತ್ತದೆ. ಫ್ಲೋ ಟ್ರಿಗರ್ ಆದರೆ ಸಾಮಾನ್ಯವಾಗಿ ನಿಮಿಷಕ್ಕೆ 2ರಿಂದ 3 ಲೀಟರ್, ಪ್ರೆಶರ್ ಟ್ರಿಗರ್ ಆದರೆ ಮೈನಸ್ 1ರಿಂದ 2. ಯಾರು ಶುರುಮಾಡಿದರೂ ರೋಗಿಗೆ ಸಿಗುವುದು ಪೂರ್ತಿ 420. ಆದ್ದರಿಂದಲೇ ಜ್ವರ, ನೋವು, ಗಾಬರಿಯಿಂದ ರೋಗಿ ನಿಮಿಷಕ್ಕೆ 30 ಸಲ ಉಸಿರೆಳೆದರೆ ಮಿನಿಟ್ ವಾಲ್ಯೂಮ್ (ಒಂದು ನಿಮಿಷದಲ್ಲಿ ಸಿಗುವ ಒಟ್ಟು ಗಾಳಿ) ಸುಮಾರು 6.7 ಲೀಟರ್‌ನಿಂದ 12.6 ಲೀಟರ್‌ಗೆ ಜಿಗಿಯುತ್ತದೆ. ಆಗ ರೇಟನ್ನು 16ರಿಂದ 12ಕ್ಕೆ ಇಳಿಸಿದರೂ ಏನೂ ಬದಲಾಗುವುದಿಲ್ಲ, ಏಕೆಂದರೆ ಆ 30 ಉಸಿರನ್ನೂ ಕರೆಯುತ್ತಿರುವುದು ರೋಗಿ.

ಉಸಿರು ಶುರುವಾದ ಮೇಲೆ ಒಳಗಿನ ಕವಾಟ ನಿಗದಿತ ವೇಗದಲ್ಲಿ ಗಾಳಿ ಬಿಡುತ್ತದೆ. ಫ್ಲೋ 60 ಎಂದರೆ ನಿಮಿಷಕ್ಕೆ 60 ಲೀಟರ್, ಅಂದರೆ ಸೆಕೆಂಡಿಗೆ 1000 ಎಂಎಲ್. 420 ಎಂಎಲ್ ಒಳಹೋಗಲು 0.42 ಸೆಕೆಂಡ್ ಸಾಕು. ಅಷ್ಟಾದ ಮೇಲೆ ಗಾಳಿ ನಿಲ್ಲುತ್ತದೆ, ಹೊರದಾರಿಯ ಕವಾಟ ತೆರೆಯುತ್ತದೆ. ಉಸಿರು ಹೊರಬರುವುದಕ್ಕೆ ಯಂತ್ರದ ಸಹಾಯ ಇಲ್ಲ. ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗಿ ಗಾಳಿಯನ್ನು ಹೊರಹಾಕುತ್ತದೆ, ಒತ್ತಡ ಪೀಪ್‌ಗೆ ಇಳಿದಾಗ ನಿಲ್ಲುತ್ತದೆ.

ಇಲ್ಲಿ ಯಂತ್ರದಿಂದ ಯಂತ್ರಕ್ಕೆ ಒಂದು ವ್ಯತ್ಯಾಸವಿದೆ, ಇದರಿಂದ ತೊಂದರೆ ಆಗುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ಕೆಲವು ಯಂತ್ರಗಳಲ್ಲಿ ಫ್ಲೋ ಇಡಬೇಕು. ಇನ್ನು ಕೆಲವದರಲ್ಲಿ ಫ್ಲೋ ಗುಂಡಿಯೇ ಇರುವುದಿಲ್ಲ, ಐ:ಇ ಅನುಪಾತ (ಉಸಿರು ಒಳಗೆಳೆಯುವ ಮತ್ತು ಹೊರಬಿಡುವ ಸಮಯಗಳ ಅನುಪಾತ) ಅಥವಾ ಇನ್‌ಸ್ಪಿರೇಟರಿ ಟೈಮ್ ಇಡಬೇಕು, ಫ್ಲೋವನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ರೇಟ್ 16, ಅನುಪಾತ 1:2 ಎಂದು ಇಟ್ಟರೆ ಒಳಗೆಳೆಯುವ ಸಮಯ 1.25 ಸೆಕೆಂಡ್. 420 ಎಂಎಲ್ ಅಷ್ಟು ನಿಧಾನವಾಗಿ ಹೋಗಬೇಕಾದರೆ ಫ್ಲೋ ನಿಮಿಷಕ್ಕೆ ಬರೀ 20 ಲೀಟರ್. ಪೂರ್ತಿ ಮಂಪರಿನಲ್ಲಿರುವ ರೋಗಿಗೆ ಇದು ಪರವಾಗಿಲ್ಲ. ಎಚ್ಚರವಿರುವ, ಏದುಸಿರು ಬಿಡುತ್ತಿರುವ ರೋಗಿಗೆ ಇದು ಉಸಿರು ಕಟ್ಟಿದ ಹಾಗೆ. ಅವರು ಯಂತ್ರದ ಜೊತೆ ಗುದ್ದಾಡುತ್ತಾರೆ, ನಾವು ನಿದ್ದೆಯ ಔಷಧ ಏರಿಸುತ್ತೇವೆ. ಅವರಿಗೆ ಬೇಕಾಗಿದ್ದದ್ದು ನಿಮಿಷಕ್ಕೆ 50–60 ಲೀಟರ್ ವೇಗದ ಗಾಳಿ.

ಎತ್ತರ ಏಕೆ

ಮನುಷ್ಯ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಗಾತ್ರ ಎತ್ತರಕ್ಕೂ ಗಂಡೋ ಹೆಣ್ಣೋ ಎಂಬುದಕ್ಕೂ ಹೊಂದಿಕೊಂಡಿರುತ್ತದೆ. ಆದ್ದರಿಂದ ಲೆಕ್ಕಕ್ಕೆ ಹಿಡಿಯುವ ತೂಕ ತಕ್ಕಡಿಯ ತೂಕವಲ್ಲ. ಗಂಡಸರಿಗೆ, ಸೆಂಟಿಮೀಟರ್‌ನಲ್ಲಿರುವ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, 50 ಕೂಡಿಸಬೇಕು. ಹೆಂಗಸರಿಗೆ ಅದೇ ಲೆಕ್ಕ, 50ರ ಬದಲು 45.5. ನಿಮ್ಮ ರೋಗಿ 165 ಸೆಂ.ಮೀ. ಎತ್ತರದ ಗಂಡಸು ಎಂದುಕೊಂಡರೆ 61.5 ಕೆ.ಜಿ. ಆಗ 420 ಎಂದರೆ ಕೆ.ಜಿ.ಗೆ ಸುಮಾರು 6.8 ಎಂಎಲ್. ಒಳ್ಳೆಯ ಸೆಟ್ಟಿಂಗೇ. ಆದರೆ 150–155 ಸೆಂ.ಮೀ. ಎತ್ತರದ ಹೆಂಗಸಿಗೂ ರೂಢಿಯಂತೆ 450 ಇಟ್ಟುಬಿಟ್ಟರೆ ಅದು ಕೆ.ಜಿ.ಗೆ 9–10 ಎಂಎಲ್ ಆಗುತ್ತದೆ. ನಮ್ಮ ಕಡೆಯ ಐಸಿಯುಗಳಲ್ಲಿ ಅತಿಯಾದ ವಾಲ್ಯೂಮ್ ಪಡೆಯುವವರಲ್ಲಿ ಹೆಚ್ಚಿನವರು ಗಿಡ್ಡ ಹೆಂಗಸರೇ. ಮಲಗಿರುವ ರೋಗಿಯ ತಲೆಯಿಂದ ಹಿಮ್ಮಡಿಯವರೆಗೆ ಟೇಪ್ ಹಿಡಿದು ಅಳೆಯುವುದಕ್ಕೆ ಒಂದು ನಿಮಿಷವೂ ಬೇಡ. ಅಳೆದು, ತೂಕದ ಲೆಕ್ಕ ಹಾಕಿ, ಮಂಚದ ತಲೆಯ ಕಡೆ ಬರೆದು ಅಂಟಿಸಿ.

ಈ ಲೆಕ್ಕ ಸುಮ್ಮನೆ ಬಂದದ್ದಲ್ಲ. ಎಆರ್‌ಡಿಎಸ್ (ಶ್ವಾಸಕೋಶಗಳು ಉರಿಯೂತದಿಂದ ದ್ರವ ತುಂಬಿ ಬಿಗಿಯಾಗುವ ತೀವ್ರ ಸ್ಥಿತಿ) ಆಗಿದ್ದ 861 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆ.ಜಿ.ಗೆ 12 ಎಂಎಲ್ ಕೊಟ್ಟ ಗುಂಪಿನಲ್ಲಿ 39.8% ಜನ ತೀರಿಕೊಂಡರು, 6 ಎಂಎಲ್ ಕೊಟ್ಟ ಗುಂಪಿನಲ್ಲಿ 31%. ಅತಿಯಾಗಿ ಹಿಗ್ಗಿಸುವುದರಿಂದ ಶ್ವಾಸಕೋಶಕ್ಕೆ ಗಾಯವಾಗುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು. ಎಆರ್‌ಡಿಎಸ್ ಇದ್ದರೆ 6ರಿಂದ ಶುರು, ಬೇಕಾದರೆ 4ರವರೆಗೂ ಇಳಿಸುತ್ತಾರೆ. ಶ್ವಾಸಕೋಶ ಚೆನ್ನಾಗಿದ್ದು, ಕ್ರಿಮಿನಾಶಕದಿಂದಲೋ ಹಾವು ಕಡಿತದಿಂದಲೋ ಉಸಿರಾಟದ ಸ್ನಾಯುಗಳು ಸೋತಿರುವವರಿಗೆ 6ರಿಂದ 8 ನಡೆಯುತ್ತದೆ.

ನಿಮ್ಮ ರೋಗಿಯ 180

ಈಗ ಆ ರಾತ್ರಿಯ ಲೆಕ್ಕ ನೋಡೋಣ. ವೆಂಟಿಲೇಟರ್‌ನ ಒತ್ತಡವನ್ನು ನೀರಿನ ಸೆಂಟಿಮೀಟರ್‌ನಲ್ಲಿ ಹೇಳುತ್ತೇವೆ. ಪರದೆಯಲ್ಲಿ ಕಾಣುವ ಪೀಕ್ ಪ್ರೆಶರ್‌ನಲ್ಲಿ ಮೂರು ಪಾಲುಗಳಿವೆ. ಟ್ಯೂಬು ಮತ್ತು ಶ್ವಾಸನಾಳಗಳ ಅಡ್ಡಿಯನ್ನು ದಾಟಿಸಿ ಗಾಳಿ ತಳ್ಳಲು ಬೇಕಾದದ್ದು ಒಂದು. ಶ್ವಾಸಕೋಶ ಮತ್ತು ಎದೆಗೂಡನ್ನು ಹಿಗ್ಗಿಸಲು ಬೇಕಾದದ್ದು ಇನ್ನೊಂದು. ಮೂರನೆಯದು ಮೊದಲೇ ಇರುವ ಪೀಪ್. ಸೈಕಲ್ ಟ್ಯೂಬಿಗೆ ಕೈಪಂಪಿನಲ್ಲಿ ಗಾಳಿ ಹೊಡೆಯುವಾಗ ಕೈಗೆ ತಗಲುವ ಬಿಗಿಯಲ್ಲಿ ವಾಲ್ವಿನ ಬಿಗಿಯೂ ಇರುತ್ತದೆ, ಟ್ಯೂಬಿನ ಬಿಗಿಯೂ ಇರುತ್ತದೆ. ಕೈ ನಿಲ್ಲಿಸಿದರೆ ಉಳಿಯುವುದು ಟ್ಯೂಬಿನದು ಮಾತ್ರ. ಇದೇ ಕೆಲಸವನ್ನು ವೆಂಟಿಲೇಟರ್‌ನಲ್ಲಿ ಇನ್‌ಸ್ಪಿರೇಟರಿ ಹೋಲ್ಡ್ ಗುಂಡಿ ಮಾಡುತ್ತದೆ. ಅದನ್ನು ಅರ್ಧ ಸೆಕೆಂಡ್ ಒತ್ತಿ ಹಿಡಿದರೆ ಗಾಳಿಯ ಹರಿವು ನಿಂತು ಒತ್ತಡ ಒಂದು ಮಟ್ಟಕ್ಕೆ ಇಳಿದು ನಿಲ್ಲುತ್ತದೆ. ಅದು ಪ್ಲಾಟೋ ಪ್ರೆಶರ್. ರೋಗಿ ಸ್ವತಃ ಉಸಿರೆಳೆಯಲು ಪ್ರಯತ್ನಿಸುತ್ತಿದ್ದರೆ ಆ ಅಂಕಿಯನ್ನು ನಂಬಬೇಡಿ.

ಸಾಮಾನ್ಯ ಸ್ಥಿತಿಯಲ್ಲಿ ನಿಮ್ಮ ರೋಗಿಯ ಎದೆಯ ಕಂಪ್ಲಯನ್ಸ್ 50, ಅಂದರೆ ಪ್ರತಿ ಸೆಂಟಿಮೀಟರ್ ಒತ್ತಡಕ್ಕೆ 50 ಎಂಎಲ್ ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. 420ಕ್ಕೆ 8.4 ಬೇಕು. ಶ್ವಾಸನಾಳದ ಅಡ್ಡಿ 10 ಇದ್ದರೆ, ಸೆಕೆಂಡಿಗೆ ಒಂದು ಲೀಟರ್ ವೇಗಕ್ಕೆ 10 ಬೇಕು. ಪೀಪ್ 5. ಒಟ್ಟು ಪೀಕ್ ಸುಮಾರು 23, ಪ್ಲಾಟೋ ಸುಮಾರು 13. ಎಲ್ಲವೂ ಸರಿ.

ಈಗ ಟ್ಯೂಬಿನಲ್ಲಿ ಕಫ ಕಟ್ಟಿಕೊಂಡು ಅಡ್ಡಿ ಮೂರು ಪಟ್ಟಿಗಿಂತ ತುಸು ಹೆಚ್ಚಾಗಿ 31.4 ಆಯಿತು ಎನ್ನೋಣ. ಗಾಳಿ ಹೊರಟ ಕ್ಷಣದಲ್ಲೇ ಪ್ರೆಶರ್ 5 ಕೂಡಿಸು 31.4, ಅಂದರೆ 36.4. ಮಿತಿ 40 ಮುಟ್ಟಲು ಇನ್ನು 3.6 ಬಾಕಿ. ಅಷ್ಟರಲ್ಲಿ ಶ್ವಾಸಕೋಶ ಹಿಗ್ಗುವುದು 3.6ನ್ನು 50ರಿಂದ ಗುಣಿಸಿದಷ್ಟು, ಅಂದರೆ 180 ಎಂಎಲ್. ಅಲ್ಲಿಗೆ ಮಿತಿ ಮುಟ್ಟಿತು, ಉಸಿರು ತುಂಡಾಯಿತು. ಶ್ವಾಸಕೋಶ ಮೊದಲಿನಷ್ಟೇ ಮೃದುವಾಗಿದೆ, ಹಾಳಾಗಿರುವುದು ದಾರಿ.

ಆ 180ರಲ್ಲೂ ಟ್ಯೂಬು, ಕನೆಕ್ಟರ್, ಫಿಲ್ಟರ್, ದೊಡ್ಡ ಶ್ವಾಸನಾಳಗಳು ಸೇರಿ ನೂರಕ್ಕೂ ಹೆಚ್ಚು ಎಂಎಲ್ ನುಂಗುತ್ತವೆ. ರಕ್ತದ ಜೊತೆ ಕೊಡುಕೊಳ್ಳುವುದಕ್ಕೆ ಉಳಿಯುವುದು ತೀರ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಇದರಲ್ಲಿ ಅಪಾಯದ ಸಂಗತಿ ಏನೆಂದರೆ, ಆಕ್ಸಿಜನ್ ಹೆಚ್ಚು ಕೊಡುತ್ತಿದ್ದರೆ ಸ್ಯಾಚುರೇಶನ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಇರುತ್ತದೆ. ಬೆರಳಿನ ಪ್ರೋಬ್ ನೋಡಿ ನೆಮ್ಮದಿಯಾಗಿರಬೇಡಿ. ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಇದ್ದರೆ ಅದನ್ನು ನೋಡಿ, ಇಲ್ಲವಾದರೆ ಎಬಿಜಿ (ಅಪಧಮನಿಯ ರಕ್ತದ ಪರೀಕ್ಷೆ) ಬೇಕೇ ಬೇಕು. ವಾಲ್ಯೂಮ್ ಹೋಗದೇ ಇರುವಾಗ ಕಾರ್ಬನ್ ಡೈಆಕ್ಸೈಡ್ ಇಳಿಸಲು ರೇಟ್ ಏರಿಸುವುದು ವ್ಯರ್ಥ, ದಾರಿ ಮೊದಲು ತೆರೆಯಬೇಕು.

ಮಂಚದ ಪಕ್ಕ ಮಾಡಬೇಕಾದದ್ದು

ಅಲಾರಂ ಹೊಡೆದುಕೊಂಡಾಗ ಮೊದಲು ರೋಗಿಯ ಮುಖ ಮತ್ತು ಎದೆ ನೋಡಿ. ಎರಡೂ ಕಡೆ ಎದೆ ಏಳುತ್ತಿದೆಯೇ, ಸ್ಯಾಚುರೇಶನ್ ಎಷ್ಟು, ಬಿಪಿ ಎಷ್ಟು, ನಾಡಿ ಎಷ್ಟು. ಸ್ಯಾಚುರೇಶನ್ ಅಥವಾ ಬಿಪಿ ಬೀಳುತ್ತಿದ್ದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಡಾಕ್ಟರನ್ನು ಕೂಗಿ ಕರೆಯಿರಿ, ವೆಂಟಿಲೇಟರ್ ಬಿಚ್ಚಿ, ಆಂಬು ಬ್ಯಾಗಿಗೆ ಪೂರ್ತಿ ಆಕ್ಸಿಜನ್ ಜೋಡಿಸಿ ಕೈಯಿಂದ ಉಸಿರು ಕೊಡಿ. ಇದಕ್ಕೇ ಪ್ರತಿ ಮಂಚದ ತಲೆಯ ಬಳಿ ಆಂಬು ಬ್ಯಾಗ್ ಆಕ್ಸಿಜನ್‌ಗೆ ಸಿಕ್ಕಿಸಿಯೇ ಇರಬೇಕು. ಬೀರುವಿನಲ್ಲಿರುವ ಬ್ಯಾಗ್ ಇಲ್ಲದಿದ್ದಂತೆಯೇ ಲೆಕ್ಕ. ಬ್ಯಾಗ್ ಸಲೀಸಾಗಿ ಒತ್ತಲು ಬಂದು ರೋಗಿ ಸುಧಾರಿಸಿದರೆ ತೊಂದರೆ ಇರುವುದು ಯಂತ್ರದಲ್ಲಿ ಅಥವಾ ಪೈಪುಗಳಲ್ಲಿ. ಬ್ಯಾಗೇ ಗಟ್ಟಿಯಾಗಿದ್ದರೆ ತೊಂದರೆ ಟ್ಯೂಬಿನಲ್ಲಿ ಅಥವಾ ಎದೆಯಲ್ಲಿ.

ರೋಗಿಯ ಸ್ಥಿತಿ ತಕ್ಷಣಕ್ಕೆ ಸರಿಯಿದ್ದರೆ ಪೈಪನ್ನು ಯಂತ್ರದಿಂದ ಬಾಯಿಯವರೆಗೆ ಕೈಯಾಡಿಸಿ. ಮಡಿಸಿಕೊಂಡಿದೆಯೇ, ಮಂಚದ ಕಂಬಿಗೆ ಸಿಕ್ಕಿದೆಯೇ, ನೀರು ನಿಂತಿದೆಯೇ. ರೋಗಿ ಟ್ಯೂಬ್ ಕಚ್ಚುತ್ತಿದ್ದರೆ ಬೈಟ್ ಬ್ಲಾಕ್ ಹಾಕಿ. ಆಮೇಲೆ ಫಿಲ್ಟರ್ ನೋಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ವೈ-ತುದಿಯಲ್ಲಿ (ಎರಡು ಪೈಪು ಸೇರಿ ರೋಗಿಯ ಟ್ಯೂಬಿಗೆ ಜೋಡಿಸುವ ಕಡೆ) ಹಾಕುವ, ಉಸಿರಿನ ಬಿಸಿ ಮತ್ತು ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ಕಫದಿಂದ ಒದ್ದೆಯಾದರೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಪದರ ಮಾತ್ರ ಕಟ್ಟಿಕೊಂಡಿರುತ್ತದೆ. ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ಅನುಮಾನವಿದ್ದರೆ ಹೊಸದು ಹಾಕಿ ಪೀಕ್ ಪ್ರೆಶರ್ ನೋಡಿ. ಕ್ರಿಮಿನಾಶಕದ ರೋಗಿಗಳಲ್ಲಿ ಶ್ವಾಸನಾಳದಲ್ಲಿ ದ್ರವ ತುಂಬಿ ಬರುವುದರಿಂದ ಫಿಲ್ಟರ್ ಬಲು ಬೇಗ ಒದ್ದೆಯಾಗುತ್ತದೆ. ಅಂಥವರಿಗೆ ಬಿಸಿ ನೀರಿನ ಹ್ಯುಮಿಡಿಫೈಯರ್ ವಾಸಿ. ಎರಡನ್ನೂ ಒಟ್ಟಿಗೆ ಮಾತ್ರ ಯಾವತ್ತೂ ಹಾಕಬೇಡಿ, ಹ್ಯುಮಿಡಿಫೈಯರ್‌ನ ತೇವವೇ ಫಿಲ್ಟರನ್ನು ಕಟ್ಟಿಸಿಬಿಡುತ್ತದೆ.

ನಂತರ ಸಕ್ಷನ್. 8 ನಂಬರ್ ಟ್ಯೂಬಿಗೆ 12 ಅಥವಾ 14 ನಂಬರ್ ಕ್ಯಾಥೆಟರ್, ಸಕ್ಷನ್ ಒತ್ತಡ 150 ಮಿ.ಮೀ. ಪಾದರಸದೊಳಗೆ, ಒಂದು ಸಲಕ್ಕೆ 15 ಸೆಕೆಂಡ್ ಮೀರದಂತೆ. ಮುಂಚೆ 100% ಆಕ್ಸಿಜನ್ ಗುಂಡಿ ಒತ್ತಿ. ಕ್ಯಾಥೆಟರ್ ಸಲೀಸಾಗಿ ಕೆಳಗಿಳಿಯಿತೇ ಎಂಬುದೇ ಒಂದು ಪರೀಕ್ಷೆ. ಇಳಿಯದೆ ತಡೆದರೆ ಟ್ಯೂಬ್ ಮಡಿಸಿಕೊಂಡಿದೆ, ಕಚ್ಚಿಹಿಡಿದಿದ್ದಾರೆ ಅಥವಾ ಕಫದ ಗಡ್ಡೆ ಕೂತಿದೆ. ಆಂಬು ಬ್ಯಾಗಿನಿಂದಲೂ ಗಾಳಿ ಹೋಗದಿದ್ದರೆ ಟ್ಯೂಬ್ ಬದಲಿಸಲು ಡಾಕ್ಟರ್ ಸಿದ್ಧರಾಗಬೇಕು. ಕ್ಯಾಥೆಟರ್ ಇಳಿಯಿತು, ಕಫವೂ ಬರಲಿಲ್ಲ, ಎದೆಯಲ್ಲಿ ಸಿಳ್ಳೆಯಂಥ ಶಬ್ದವಿದೆ ಎಂದರೆ ಶ್ವಾಸನಾಳಗಳು ಬಿಗಿದುಕೊಂಡಿವೆ. ಕ್ರಿಮಿನಾಶಕದ ರೋಗಿಯಲ್ಲಿ ಸಿಳ್ಳೆ ಶಬ್ದ, ಮತ್ತೆ ಮತ್ತೆ ತುಂಬಿಬರುವ ನೊರೆ ದ್ರವ ಎರಡೂ ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಔಷಧ) ಸಾಲುತ್ತಿಲ್ಲ ಎನ್ನುವುದಕ್ಕೆ ಗುರುತು. ಇದನ್ನು ವೆಂಟಿಲೇಟರ್ ಸಮಸ್ಯೆ ಎಂದು ಬರೆದಿಟ್ಟು ಬೆಳಗಿನ ರೌಂಡ್ಸ್‌ವರೆಗೆ ಕಾಯಬಾರದು, ಆಗಲೇ ಡಾಕ್ಟರಿಗೆ ತಿಳಿಸಬೇಕು.

ಡಾಕ್ಟರಿಗೆ ಫೋನ್ ಮಾಡುವಾಗ ಎರಡು ಅಂಕಿ ಹೇಳಿ: ಪೀಕ್ ಎಷ್ಟು, ಪ್ಲಾಟೋ ಎಷ್ಟು. ಉಸಿರು ಮಧ್ಯದಲ್ಲೇ ತುಂಡಾಗುತ್ತಿದ್ದರೆ ಪ್ಲಾಟೋ ಸರಿಯಾಗಿ ಸಿಗುವುದಿಲ್ಲ. ಆಗ ಫ್ಲೋವನ್ನು ಸ್ವಲ್ಪ ಹೊತ್ತು 60ರಿಂದ 40ಕ್ಕೆ ಇಳಿಸುವಂತೆ ಡಾಕ್ಟರು ಹೇಳಬಹುದು. ಮೇಲಿನದೇ ಲೆಕ್ಕದಲ್ಲಿ ಅಡ್ಡಿಯ ಪಾಲು 31ರಿಂದ 21ಕ್ಕೆ ಇಳಿದು ಪೀಕ್ ಸುಮಾರು 34 ಆಗುತ್ತದೆ, ಪೂರ್ತಿ 420 ಒಳಹೋಗುತ್ತದೆ. ಇದರಿಂದ ಸಿಗುವುದು ಸ್ವಲ್ಪ ಸಮಯ ಅಷ್ಟೇ, ಕಫ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಪೀಕ್ 38, ಪ್ಲಾಟೋ 15 ಎಂದರೆ ದಾರಿಯ ಸಮಸ್ಯೆ, ಇಲ್ಲಿಯವರೆಗೆ ಹೇಳಿದ್ದೆಲ್ಲ. ಪೀಕ್ 38, ಪ್ಲಾಟೋ 32 ಎಂದರೆ ಶ್ವಾಸಕೋಶ ಅಥವಾ ಎದೆಗೂಡು ಬಿಗಿಯಾಗಿದೆ. ಟ್ಯೂಬ್ ಒಳಗೆ ಜಾರಿ ಬಲಗಡೆಯ ಶ್ವಾಸಕೋಶಕ್ಕೆ ಮಾತ್ರ ಹೋಗಿರಬಹುದು. ಹಲ್ಲಿನ ಬಳಿಯ ಗುರುತು ಗಂಡಸರಲ್ಲಿ ಸುಮಾರು 23, ಹೆಂಗಸರಲ್ಲಿ 21 ಸೆಂ.ಮೀ. ಇರುತ್ತದೆ, ಪ್ರತಿ ಶಿಫ್ಟ್‌ನಲ್ಲೂ ಚಾರ್ಟ್‌ನ ಅಂಕಿಗೆ ಹೋಲಿಸಿ ನೋಡಿ. ಶ್ವಾಸಕೋಶದಲ್ಲಿ ನೀರು ತುಂಬಿರಬಹುದು, ನ್ಯುಮೋನಿಯಾ ಹೆಚ್ಚಿರಬಹುದು, ಹೊಟ್ಟೆ ಉಬ್ಬಿ ವಪೆಯನ್ನು ಮೇಲಕ್ಕೆ ತಳ್ಳುತ್ತಿರಬಹುದು. ಆಂಬು ಬ್ಯಾಗ್‌ನಿಂದ ಉಸಿರು ಕೊಟ್ಟ ರೋಗಿಯ ಹೊಟ್ಟೆಯಲ್ಲಿ ಗಾಳಿ ತುಂಬಿರುವುದು ಮಾಮೂಲಿ, ಮೂಗಿನಿಂದ ಹೊಟ್ಟೆಗೆ ಹಾಕಿರುವ ರೈಲ್ಸ್ ಟ್ಯೂಬ್ ತೆರೆದು ಬಿಟ್ಟರೆ ಇಳಿಯುತ್ತದೆ.

ಎಲ್ಲಕ್ಕಿಂತ ತುರ್ತಾದದ್ದು ನ್ಯುಮೋಥೊರಾಕ್ಸ್, ಅಂದರೆ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನೊಳಗೆ ಸಿಕ್ಕಿಕೊಳ್ಳುವುದು. ಪ್ರೆಶರ್ ಇದ್ದಕ್ಕಿದ್ದಂತೆ ಏರುತ್ತದೆ, ಒಂದು ಕಡೆ ಉಸಿರಿನ ಶಬ್ದವೇ ಕೇಳುವುದಿಲ್ಲ, ಬಿಪಿ ಬೀಳುತ್ತದೆ. ಬಿಪಿ ಬೀಳುತ್ತಿರುವ ರೋಗಿಗೆ ಎಕ್ಸ್-ರೇಗೆ ಕಾಯುವಂತಿಲ್ಲ. ಸೂಜಿ ಚುಚ್ಚಿ ಗಾಳಿ ತೆಗೆಯುವ ಸಾಮಾನು, ಎದೆಗೆ ಹಾಕುವ ಡ್ರೇನ್ ಎರಡನ್ನೂ ಡಾಕ್ಟರ್ ಬರುವಷ್ಟರಲ್ಲಿ ಟ್ರೇಯಲ್ಲಿ ಇಟ್ಟಿರಿ.

ಪ್ಲಾಟೋ 30 ದಾಟಬಾರದು. ಪ್ಲಾಟೋದಿಂದ ಪೀಪ್ ಕಳೆದರೆ ಬರುವ ಡ್ರೈವಿಂಗ್ ಪ್ರೆಶರ್ 15ರೊಳಗೆ ಇದ್ದರೆ ಒಳ್ಳೆಯದು. ದಾಟಿದರೆ ಡಾಕ್ಟರು ವಾಲ್ಯೂಮ್ ಇಳಿಸುತ್ತಾರೆ, ಅದರಿಂದ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಿದರೂ ಪಿಎಚ್ ತೀರ ಇಳಿಯದಷ್ಟು ದಿನ ಸಹಿಸಿಕೊಳ್ಳುತ್ತಾರೆ.

ಮಿತಿ ಏರಿಸಬೇಕಾದ ಸಂದರ್ಭ

ತೀವ್ರ ಅಸ್ತಮಾದ ರೋಗಿಯಲ್ಲಿ ಪೀಕ್ 50–60 ಆಗುವುದುಂಟು, ಪ್ಲಾಟೋ ಮಾತ್ರ 25ರೊಳಗೇ ಇರುತ್ತದೆ. ಆ ಹೆಚ್ಚಿನ ಒತ್ತಡವೆಲ್ಲ ಕಿರಿದಾದ ನಾಳಗಳಲ್ಲೇ ಖರ್ಚಾಗುತ್ತದೆ, ಗಾಳಿಗೂಡುಗಳನ್ನು ಮುಟ್ಟುವುದಿಲ್ಲ. ಇಲ್ಲಿ ಮಿತಿಯನ್ನು 40ಕ್ಕೇ ಬಿಟ್ಟರೆ ಪ್ರತಿ ಉಸಿರೂ ತುಂಡಾಗಿ ರೋಗಿಗೆ ಗಾಳಿಯೇ ಸಿಗುವುದಿಲ್ಲ. ಟ್ಯೂಬ್, ಫಿಲ್ಟರ್, ಎದೆಯ ಎರಡೂ ಬದಿ ನೋಡಿ, ಪ್ಲಾಟೋ ಅಳೆದು, ಡಾಕ್ಟರು ತಿಳಿದೇ ಮಿತಿ ಏರಿಸುತ್ತಾರೆ ಮತ್ತು ಅದನ್ನು ಚಾರ್ಟ್‌ನಲ್ಲಿ ಬರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಶಬ್ದ ನಿಲ್ಲಲಿ ಎಂದು 60 ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ರೋಗಿಯಲ್ಲಿ ಹಾಗೆ ಮಾಡಿದ್ದರೆ 420 ಹೋಗುತ್ತಿತ್ತು, ಅಲಾರಂ ನಿಲ್ಲುತ್ತಿತ್ತು, ಟ್ಯೂಬ್ ಕಟ್ಟುತ್ತಲೇ ಹೋಗಿ ಒಂದು ಹೊತ್ತಿನಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು.

ಉಳಿದ ದಿನಗಳಲ್ಲಿ ಹೈ ಪ್ರೆಶರ್ ಮಿತಿಯನ್ನು ರೋಗಿಯ ಆಗಿನ ಪೀಕ್‌ಗಿಂತ 10–15 ಮೇಲೆ, 40 ಮೀರದಂತೆ ಇಡಿ. ಲೋ ಮಿನಿಟ್ ವಾಲ್ಯೂಮ್ ಮಿತಿಯನ್ನು ರೋಗಿ ಪಡೆಯುತ್ತಿರುವುದಕ್ಕಿಂತ ಕಾಲು ಭಾಗದಷ್ಟು ಕೆಳಗೆ. ಹಿಂದಿನ ರೋಗಿಗೆ ಇಟ್ಟಿದ್ದ ಮಿತಿಗಳೇ ಹೊಸ ರೋಗಿಗೂ ಉಳಿದುಬಿಡುವುದು ತುಂಬ ಕಡೆ ಆಗುತ್ತದೆ. ಶಿಫ್ಟ್ ಕೈಬದಲಾಗುವಾಗ ಸೆಟ್ಟಿಂಗ್ ಓದಿ ಹೇಳುವ ಹಾಗೆ ಅಲಾರಂ ಮಿತಿಯನ್ನೂ ಓದಿ ಹೇಳಿ.

ಪ್ರೆಶರ್ ಕಡಿಮೆ, ವಾಲ್ಯೂಮೂ ಕಡಿಮೆ

ಒಳಗೆ ಹೋಗಿದ್ದು 420, ಹೊರಬಂದದ್ದು 300 ಎಂದರೆ 120 ಎಲ್ಲೋ ಸೋರಿದೆ. ಕನೆಕ್ಟರ್ ಸಡಿಲ, ನೀರಿನ ಟ್ರ್ಯಾಪ್ ಸರಿಯಾಗಿ ತಿರುಗಿಸಿಲ್ಲ, ನೆಬ್ಯುಲೈಸರ್ ಬಾಯಿ ಮುಚ್ಚಿಲ್ಲ, ಇಲ್ಲವೇ ಟ್ಯೂಬಿನ ತುದಿಯ ಬಲೂನಿನಲ್ಲಿ ಗಾಳಿ ಸಾಲದು. ಗಂಟಲಿನಲ್ಲಿ ಗುಳುಗುಳು ಶಬ್ದ ಬಂದರೆ ಬಲೂನು ಮೊದಲು ನೋಡಿ. ಅದರ ಒತ್ತಡ ನೀರಿನ 20ರಿಂದ 30 ಸೆಂಟಿಮೀಟರ್ ನಡುವೆ ಇರಬೇಕು, ಗೇಜ್ ಹಾಕಿಯೇ ಅಳೆಯಬೇಕು. ಹೊರಗಿನ ಪೈಲಟ್ ಬಲೂನನ್ನು ಬೆರಳಲ್ಲಿ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಗಾಳಿ ತುಂಬಿದರೂ ಮತ್ತೆ ಮತ್ತೆ ಸೋರಿದರೆ ಟ್ಯೂಬೇ ಮೇಲಕ್ಕೆ ಸರಿದು ಬಲೂನು ಧ್ವನಿಪೆಟ್ಟಿಗೆಯ ಬಳಿ ಕೂತಿರಬಹುದು. ಹಲ್ಲಿನ ಗುರುತು ನೋಡದೆ ಇನ್ನಷ್ಟು ಗಾಳಿ ತುಂಬುತ್ತಾ ಹೋಗಬೇಡಿ.

ಕೆಲವು ನೆಬ್ಯುಲೈಸರ್‌ಗಳು ಗೋಡೆಯ ಆಕ್ಸಿಜನ್‌ನಿಂದ ನಡೆಯುತ್ತವೆ. ನಿಮಿಷಕ್ಕೆ 6 ಲೀಟರ್ ಎಂದರೆ ಸೆಕೆಂಡಿಗೆ 100 ಎಂಎಲ್. ಯಂತ್ರದ ಲೆಕ್ಕಕ್ಕೆ ಸಿಗದ ಈ ಗಾಳಿ ಪ್ರತಿ ಉಸಿರಿಗೂ ಸೇರಿಕೊಳ್ಳುತ್ತದೆ, ವಾಲ್ಯೂಮ್ ಅಂಕಿ ಏರುತ್ತದೆ, ದುರ್ಬಲ ರೋಗಿಯ ಟ್ರಿಗರ್ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಔಷಧ ಮುಗಿದ ಕೂಡಲೇ ನಿಲ್ಲಿಸಿ. ನೆಬ್ಯುಲೈಸರ್ ಮತ್ತು ರೋಗಿಯ ನಡುವೆ ಎಚ್‌ಎಂಇ ಫಿಲ್ಟರ್ ಉಳಿದಿದ್ದರೆ ಔಷಧವೆಲ್ಲ ಅದರಲ್ಲೇ ಉಳಿಯುತ್ತದೆ. ಕೊಡುವ ಮುಂಚೆ ತೆಗೆಯಿರಿ, ಆಮೇಲೆ ಮರೆಯದೆ ಹಾಕಿ.

ಹೊರಹೋಗದ ಗಾಳಿ

ಅಸ್ತಮಾ, ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ರೋಗಿಗಳಲ್ಲಿ ಉಸಿರು ಒಳಹೋಗುವುದಕ್ಕಿಂತ ಹೊರಬರುವುದೇ ಕಷ್ಟ. ಪೂರ್ತಿ ಹೊರಬರುವ ಮೊದಲೇ ಮುಂದಿನ 420 ಬಂದರೆ ಗಾಳಿ ಒಳಗೇ ಪೇರುತ್ತದೆ. ಪರದೆಯ ಫ್ಲೋ ಗೆರೆಯನ್ನು ನೋಡಿ: ಕೆಳಭಾಗದ ಗೆರೆ ಸೊನ್ನೆಗೆ ಮರಳುವ ಮೊದಲೇ ಮುಂದಿನ ಉಸಿರು ಶುರುವಾಗುತ್ತಿದ್ದರೆ ಅದೇ ಆಟೋ-ಪೀಪ್. ಎಕ್ಸ್‌ಪಿರೇಟರಿ ಹೋಲ್ಡ್ ಒತ್ತಿದರೆ ಒಟ್ಟು ಪೀಪ್ ಸಿಗುತ್ತದೆ. ನಾವು ಇಟ್ಟದ್ದು 5, ತೋರಿಸುವುದು 14 ಆದರೆ 9 ಆಟೋ-ಪೀಪ್. ಪರಿಹಾರವೆಲ್ಲ ಹೊರಬರಲು ಸಮಯ ಕೊಡುವುದರಲ್ಲಿದೆ. ರೇಟ್ ಇಳಿಸುವುದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಆಮೇಲೆ ವಾಲ್ಯೂಮ್ ಇಳಿಸುವುದು, ಫ್ಲೋ ಏರಿಸುವುದು. ಅಂಥ ರೋಗಿಯ ಬಿಪಿ ಹಠಾತ್ ಬಿದ್ದರೆ ಪೈಪನ್ನು ಟ್ಯೂಬಿನಿಂದ ಕಳಚಿ, ಕೆಲವು ಸೆಕೆಂಡ್ ಗಾಳಿ ಹೊರಬರಲು ಬಿಡಿ. ಬಿಪಿ ಮೇಲೇರಿದರೆ ಕಾರಣ ಅದೇ. ಏರದಿದ್ದರೆ ನ್ಯುಮೋಥೊರಾಕ್ಸ್ ಇದೆಯೇ ನೋಡಬೇಕು.

ಎಚ್ಚರವಿರುವ ರೋಗಿಯಲ್ಲಿ ಇನ್ನೊಂದನ್ನು ಗಮನಿಸಿ. ಪ್ರೆಶರ್ ಗೆರೆ ಮೇಲೇರುವಾಗ ನಡುವೆ ಗುಂಡಿ ಬಿದ್ದಂತೆ ಒಳಕ್ಕೆ ಬಾಗಿದ್ದರೆ, ಯಂತ್ರ ಕೊಡುವುದಕ್ಕಿಂತ ವೇಗವಾಗಿ ರೋಗಿ ಎಳೆಯುತ್ತಿದ್ದಾರೆ ಎಂದು ಅರ್ಥ. ಒಂದರ ಬೆನ್ನಿಗೆ ಒಂದು ಎರಡು ಉಸಿರು ಬಿದ್ದರೆ ಒಳಗೆ ಸೇರುವುದು 840ರವರೆಗೂ ಹೋಗಬಹುದು, 420 ಇಟ್ಟ ಉದ್ದೇಶವೇ ಹಾಳು. ನೋವು, ಜ್ವರ, ತುಂಬಿದ ಮೂತ್ರಕೋಶ, ಆಮ್ಲ ಹೆಚ್ಚಿದ ರಕ್ತ, ಕಡಿಮೆ ಫ್ಲೋ, ಇವನ್ನೆಲ್ಲ ನೋಡಿದ ಮೇಲೆ ನಿದ್ದೆಯ ಔಷಧದ ಮಾತು.

ಯಂತ್ರದ ಬಗ್ಗೆ

ಮೋಡ್‌ನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ವಿಸಿವಿ, ಎಸಿ-ವಿಸಿ, ಸಿಎಂವಿ, ಡ್ರೇಗರ್‌ನ ಹಳೆಯ ಯಂತ್ರಗಳಲ್ಲಿ ಐಪಿಪಿವಿ, ಎಲ್ಲವೂ ಸುಮಾರಾಗಿ ಇದೇ. ಆದರೆ ಪಿಆರ್‌ವಿಸಿ, ವಿಸಿ ಪ್ಲಸ್, ಆಟೋಫ್ಲೋ ಎಂದಿದ್ದರೆ ಅದು ಬೇರೆ. ಅಲ್ಲಿ ಯಂತ್ರ ಒತ್ತಡವನ್ನು ಉಸಿರಿನಿಂದ ಉಸಿರಿಗೆ ಹೊಂದಿಸಿಕೊಂಡು ನಾವು ಹೇಳಿದ ವಾಲ್ಯೂಮ್ ಮುಟ್ಟಲು ನೋಡುತ್ತದೆ, ಫ್ಲೋ ಬದಲಾಗುತ್ತಿರುತ್ತದೆ. ಮೇಲೆ ಹೇಳಿದ ಪೀಕ್–ಪ್ಲಾಟೋ ಅಂತರದ ಲೆಕ್ಕ ಅಲ್ಲಿ ಹೀಗೇ ನಡೆಯುವುದಿಲ್ಲ. ಬರೀ ಪ್ರೆಶರ್ ಕಂಟ್ರೋಲ್‌ನಲ್ಲಂತೂ ಟ್ಯೂಬ್ ಕಟ್ಟಿದರೆ ಪ್ರೆಶರ್ ಅಲಾರಂ ಹೊಡೆಯುವುದೇ ಇಲ್ಲ, ವಾಲ್ಯೂಮ್ ಸದ್ದಿಲ್ಲದೆ ಇಳಿಯುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಲೋ ವಾಲ್ಯೂಮ್ ಅಲಾರಂ ಒಂದೇ. 2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸದ ಆಧಾರದ ಮೇಲೆ ಬೆಂಗಳೂರಿನ ಬಿಇಎಲ್ ಮಾಡಿಕೊಟ್ಟ ಯಂತ್ರವೇ ಇರಲಿ, ವಿದೇಶದ್ದೇ ಇರಲಿ, ಮ್ಯಾನುಯಲ್‌ನಲ್ಲಿ ಮೋಡ್‌ಗಳ ಪುಟ ಮೊದಲು ಓದಿ.

ಸರ್ಕ್ಯೂಟ್ ಬದಲಿಸಿದಾಗಲೆಲ್ಲ, ರೋಗಿಗೆ ಜೋಡಿಸುವ ಮೊದಲು, ಸರ್ಕ್ಯೂಟ್ ಟೆಸ್ಟ್ ಮಾಡಿ. ಪೈಪುಗಳೂ ಒತ್ತಡಕ್ಕೆ ಹಿಗ್ಗುತ್ತವೆ. ಪ್ರತಿ ಸೆಂಟಿಮೀಟರ್‌ಗೆ 2 ಎಂಎಲ್ ಹಿಗ್ಗಿದರೂ 35ರ ಒತ್ತಡದಲ್ಲಿ 70 ಎಂಎಲ್ ಪೈಪಿನಲ್ಲೇ ಉಳಿಯುತ್ತದೆ. ಟೆಸ್ಟ್ ಮಾಡಿದ್ದರೆ ಈ ಸೌಲಭ್ಯವಿರುವ ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿದು ಸರಿದೂಗಿಸುತ್ತದೆ, ಟೆಸ್ಟ್ ದಾಟಿಸಿಬಿಟ್ಟಿದ್ದರೆ ಹಿಂದಿನ ಪೈಪಿನ ಲೆಕ್ಕವನ್ನೇ ಹಿಡಿದಿರುತ್ತದೆ. ಪೈಪಿನಲ್ಲಿ ನಿಂತ ನೀರನ್ನು ರೋಗಿಯ ಕಡೆಗೆ ಹರಿಯಲು ಬಿಡದೆ ಟ್ರ್ಯಾಪ್‌ಗೆ ಇಳಿಸಿ, ಟ್ರ್ಯಾಪ್ ಯಾವಾಗಲೂ ರೋಗಿಗಿಂತ ಕೆಳಗೆ ತೂಗಲಿ. ನೀರು ಅಲುಗಾಡುವುದನ್ನೇ ಯಂತ್ರ ರೋಗಿಯ ಉಸಿರೆಂದು ತಿಳಿದು ಬೇಡದ ಉಸಿರು ಕೊಡುತ್ತದೆ. ಅದೇ ನೀರು ಫ್ಲೋ ಸೆನ್ಸರ್ ಮೇಲೆ ಕೂತರೆ ಹೊರಬಂದ ವಾಲ್ಯೂಮ್ ಅಂಕಿ ತಪ್ಪುತ್ತದೆ. ಎದೆ ಚೆನ್ನಾಗಿ ಏಳುತ್ತಿದ್ದು, ಪ್ರೆಶರೂ ಸರಿಯಿದ್ದು, ಕ್ಯಾಪ್ನೋಗ್ರಾಫ್ ಕೂಡ ಬದಲಾಗದೆ, ವಾಲ್ಯೂಮ್ ಮಾತ್ರ 180 ತೋರಿಸುತ್ತಿದ್ದರೆ ಸೆನ್ಸರ್ ಬದಲಿಸಿ ಮತ್ತೆ ನೋಡಿ.